ನಾಲ್ಕನೆಯ ಬೋಲ್ಟು

ರಬ್ಬರಿಗೆ ಬಡಿದರೆ ಸದ್ದೇ ಇಲ್ಲ. ನೈಲಾನಿಗೆ ಬಡಿದರೆ ಪಕ್ಕದ ಕೋಣೆಯಲ್ಲಿ ಯಾರೋ ಗಂಟಲು ಸರಿಮಾಡಿಕೊಂಡ ಹಾಗೆ ಒಂದು ಮಂಕು ಸದ್ದು. ಅಲ್ಯೂಮಿನಿಯಂ ಠಣ್ ಎನ್ನುತ್ತದೆ, ಉಕ್ಕಿನದು ಇನ್ನೂ ಉದ್ದದ ಠಣ್. ಬೆಳಿಗ್ಗೆ ವರ್ಕ್‌ಶಾಪಿನ ಶಟರ್ ಎತ್ತಿದ ಮೇಲೆ ಟರ್ನರ್ ಒಂದು ಗಂಟೆಯಿಂದ ಮಾಡುತ್ತಿದ್ದ ಘನಕಾರ್ಯ ಇದೇ: ಬೆಂಚಿನ ಮೇಲೆ ನಾಲ್ಕು ತುಂಡು ಸಾಲಾಗಿ ನಿಲ್ಲಿಸಿಕೊಂಡು, ಸಣ್ಣ ಸುತ್ತಿಗೆಯಲ್ಲಿ ಒಂದೊಂದಕ್ಕೆ ಬಡಿಯುವುದು, ಕಿವಿಗೊಡುವುದು, ಮತ್ತೆ ಮೊದಲಿನಿಂದ ಬಡಿಯುವುದು. ಯಾರಾದರೂ ನೋಡಿದ್ದರೆ ಇವನಿಗೆ ತಲೆ ಕೆಟ್ಟಿದೆ ಅನ್ನುತ್ತಿದ್ದರು. ಮೂವತ್ತು ವರ್ಷ ಲೇತಿನ ಮುಂದೆ ನಿಂತು ಸವೆದವನು, ಯಾವ ಲೋಹ ಹೇಗೆ ಕೂಗುತ್ತದೆಂದು ಬಡಿದು ನೋಡಬೇಕೇ? ಅವನಿಗೆ ಬೇಕಾಗಿದ್ದದ್ದು ಲೋಹದ ಸದ್ದಲ್ಲ. ಈ ನಾಲ್ಕರಲ್ಲಿ ಯಾವುದಾದರೂ ಒಂದು, ನಿನಗೆ ಈ ಕೆಲಸ ಬೇಡ ಬಿಡು ಎಂದು ತನ್ನ ಪರವಾಗಿ ಹೇಳಿಬಿಡಲಿ ಎಂದು ಅವನು ಕಾಯುತ್ತಿದ್ದ. ಹೇಳಲಿಲ್ಲ.

ಹತ್ತು ಗಂಟೆಗೆ ಅಕ್ಕನ ಮಗಳು ಬರುತ್ತಾಳೆ. ನಿನ್ನೆ ಸಂಜೆ ಅವಳು ತನ್ನ ಕಾರು ತಂದು, ತಾನೇ ಜಾಕ್ ಕೊಟ್ಟು ಎತ್ತಿ, ಹಿಂದಿನ ಸಬ್‌ಫ್ರೇಮನ್ನು ತಾನೇ ಕೆಳಗಿಳಿಸಿ ಹೋಗಿದ್ದಳು. ಸಬ್‌ಫ್ರೇಮ್ ಅಂದರೆ ಮತ್ತೇನಿಲ್ಲ, ಹಿಂದಿನ ಎರಡು ಚಕ್ರಗಳನ್ನು ಹೊತ್ತುಕೊಂಡು ಕಾರಿನ ಹೊಟ್ಟೆಗೆ ನಾಲ್ಕು ಬೋಲ್ಟಿನಲ್ಲಿ ಜೋತುಬಿದ್ದಿರುವ ಒಂದು ಉಕ್ಕಿನ ಚೌಕಟ್ಟು. ಕಾರ್ಖಾನೆಯವರು ಆ ನಾಲ್ಕೂ ಕಡೆ ನಡುವೆ ರಬ್ಬರಿನ ಬುಷ್, ಬೋಲ್ಟು ತೂರಿಹೋಗುವ ದಪ್ಪ ಬಳೆ, ಇಟ್ಟಿರುತ್ತಾರೆ, ರಸ್ತೆಯ ಪೆಟ್ಟು ಕೂತವರ ಬೆನ್ನಿಗೆ ಹತ್ತದಿರಲಿ ಅಂತ. ರೇಸಿನವರಿಗೆ ಆ ರಬ್ಬರನ್ನು ಕಂಡರೇ ಆಗುವುದಿಲ್ಲ. ತಿರುವಿನಲ್ಲಿ ಅದು ಅಲುಗುತ್ತದೆ, ಕಾರಿನ ಹಿಂಭಾಗ ಅರ್ಧ ಕ್ಷಣ ತಡವಾಗಿ ಮಾತು ಕೇಳುತ್ತದೆ. ಅದನ್ನು ಕಿತ್ತು ಲೋಹದ ಬುಷ್ ಕೂರಿಸಿದರೆ ಚೌಕಟ್ಟೂ ಬಾಡಿಯೂ ಒಂದೇ ಆಗಿಬಿಡುತ್ತವೆ. ಅದಕ್ಕೆ ಸಾಲಿಡ್ ಮಾಡುವುದು ಅನ್ನುತ್ತಾರೆ. ಸಾಲಿಡ್ ಮಾಡುವುದರಲ್ಲಿ ಟರ್ನರ್‌ನನ್ನು ಬಿಟ್ಟರಿಲ್ಲ ಎಂದು ಒಂದು ಹೆಸರಿದೆ. ಆ ಹೆಸರು ಬಂದದ್ದು ಹನ್ನೊಂದು ವರ್ಷದ ಹಿಂದೆ, ಅಕ್ಕನ ಗಂಡನ ಕಾರಿಗೆ ಮಾಡಿಕೊಟ್ಟಾಗ. ಅದಾದ ಮೇಲೆ ಅವನು ಒಂದೇ ಒಂದು ಕಾರಿಗೂ ಮಾಡಿಲ್ಲ. ಕೇಳಿಕೊಂಡು ಬಂದವರಿಗೆ ಲೇತು ಸರಿಯಿಲ್ಲ, ಸೊಂಟ ಸರಿಯಿಲ್ಲ, ರಾಡು ಸಿಗುತ್ತಿಲ್ಲ ಎಂದು ಏನೇನೋ ಸಬೂಬು ಹೇಳಿ ಸಾಗಹಾಕಿದ್ದಾನೆ. ಹಾಗೆ ಸಾಗಹಾಕಿದಷ್ಟೂ ಹೆಸರು ಬೆಳೆಯಿತೇ ಹೊರತು ಕಡಿಮೆಯಾಗಲಿಲ್ಲ. ಅಕ್ಕನ ಮಗಳಿಗೆ ಮಾತ್ರ ಯಾವ ಸಬೂಬೂ ನಡೆಯಲಿಲ್ಲ.

"ಯಾವುದು ಅಂತ ತೀರ್ಮಾನ ಆಯ್ತಾ ಮಾವ?" ಎನ್ನುತ್ತಲೇ ಅವಳು ಒಳಗೆ ಬಂದಳು. ಇಪ್ಪತ್ತನಾಲ್ಕು ವರ್ಷ, ಕಿವಿಯವರೆಗೆ ಕತ್ತರಿಸಿದ ಕೂದಲು, ತಂದೆಯ ಹಾಗೆ ಮಾತಿಗೆ ಮುಂಚೆ ಗಲ್ಲ ಮುಂದೆ ಮಾಡುವ ಅಭ್ಯಾಸ.

"ರಬ್ಬರೇ ಹೊಸದು ಹಾಕಿಬಿಡೋಣ" ಅಂದ ಟರ್ನರ್.

"ರಬ್ಬರು ಬೇಕಿದ್ರೆ ಅಂಗಡಿಗೆ ಹೋಗ್ತಿದ್ದೆ. ನಿಮ್ಮ ಹತ್ರ ಯಾಕೆ ಬರ್ತಿದ್ದೆ?"

"ನೈಲಾನ್ ಆದ್ರೆ ಎರಡಕ್ಕೂ ಮಧ್ಯೆ. ಅಷ್ಟು ಸದ್ದೂ ಬರಲ್ಲ."

"ನೈಲಾನ್ ನೀರು ಕುಡಿದು ಉಬ್ಬುತ್ತೆ, ಬಿಸಿಗೆ ಬಗ್ಗುತ್ತೆ, ನೀವೇ ಹೇಳಿದ್ದು. ಸದ್ದಿಗೆ ನಾನು ಹೆದರಲ್ಲ."

"ಅಲ್ಯೂಮಿನಿಯಂ ಉಕ್ಕಿಗೆ ತಾಗಿದ ಕಡೆ ಬಿಳಿ ಹಿಟ್ಟು ಹಿಡಿಯುತ್ತೆ."

"ಗ್ರೀಸ್ ಹಚ್ಚೋಣ."

"ಉಕ್ಕೇ ಹಾಕಿದ್ರೆ ಭಾರ. ಇಲ್ಲಾ ಅಂದ್ರೆ ವೆಲ್ಡ್ ಮಾಡಿ ಕೂರಿಸಿಬಿಡಬಹುದು, ಆದ್ರೆ ಆಮೇಲೆ ಬಿಚ್ಚೋ ಹಾಗಿಲ್ಲ." ತಾನು ಏನು ಹೇಳುತ್ತಿದ್ದೇನೆಂದು ತನಗೇ ತಿಳಿಯದೆ ಅವನು ತುಂಡುಗಳ ಸಾಲು ಸರಿಮಾಡಿದ.

ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು ನಕ್ಕಳು. "ಏನು ಮಾವ, ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡ್ತೀರಿ. ಅಪ್ಪ ಹೇಳಿ ಕಳಿಸಿದ್ದಾರೆ, ನಿಮ್ಮ ಮಾವ ಏನು ಹೇಳ್ತಾನೋ ಅದನ್ನ ಹಾಕು, ಎರಡನೇ ಸಲ ಕೇಳಬೇಡ ಅಂತ. ನೀವು ನೋಡಿದ್ರೆ ಒಂದೇ ಸಲಕ್ಕೆ ನಾಲ್ಕು ಹೇಳ್ತಿದ್ದೀರಿ. ಅಲ್ಯೂಮಿನಿಯಂ ಅನ್ನಿ, ಮುಗೀತು. ಮಧ್ಯಾಹ್ನಕ್ಕೆ ಅಪ್ಪಾನೂ ಬರ್ತಾರೆ. ರೇಸಲ್ಲಿ ನನ್ನ ಪಕ್ಕದ ಸೀಟಲ್ಲಿ ಅವರೇ ಕೂರೋದು, ನಿಮಗೆ ಹೇಳಿಲ್ವಾ?"

ಭಾವ ಪಕ್ಕದ ಸೀಟಿನಲ್ಲಿ. ಹನ್ನೊಂದು ವರ್ಷದಿಂದ ಕಾರಿನ ಬಾಗಿಲು ಮುಟ್ಟದ ಭಾವ, ಸಂತೆಗೆ ಹೋಗಬೇಕಾದರೂ ಬಸ್ಸಿಗೆ ಕಾಯುವ ಭಾವ, ಈಗ ಮಗಳ ಪಕ್ಕ ಕೂತು ತಿರುವುಗಳನ್ನು ಓದಿ ಹೇಳುತ್ತಾನಂತೆ. ಹನ್ನೊಂದು ವರ್ಷದ ಹಿಂದೆ ಆ ಸೀಟಿನಲ್ಲಿ ಕೂತಿದ್ದವನು ಭಾವನ ತಮ್ಮ. ದಾರಿಯ ಪುಸ್ತಕವನ್ನು ಊಟದ ಹೊತ್ತಿನಲ್ಲೂ ತೊಡೆಯ ಮೇಲಿಟ್ಟುಕೊಂಡು ಬಾಯಿಪಾಠ ಮಾಡುತ್ತಿದ್ದವನಿಗೆ ಎಲ್ಲರೂ ಇಟ್ಟ ಹೆಸರು ನಕ್ಷೆ. ನಕ್ಷೆ ಬಾಗಿಲಲ್ಲಿ ನಿಂತರೆ ಒಳಗಿನ ಬೆಳಕು ಕಡಿಮೆಯಾಗುತ್ತಿತ್ತು, ಅಷ್ಟು ಅಗಲ. ದನಿ ಮಾತ್ರ ತೆಳ್ಳಗೆ. ತಿರುವಿನ ದಿಕ್ಕು, ಬಿಗಿಯ ಅಂಕಿ: ಎಡ ಮೂರು, ಬಲ ಎರಡು, ಜಾಗ್ರತೆ. ಸೀಟಿನ ಬೆಲ್ಟು ಅಳತೆಗೆ ಹೊಂದಿಸಲು ಬಂದವನು ಇದೇ ಬೆಂಚಿನ ಮೇಲೆ ಕೂತು, ನಿಮ್ಮ ಲೇತಿಗಿಂತ ನನ್ನ ಹೊಟ್ಟೆಯೇ ಹೆಚ್ಚು ತಿರುಗುತ್ತದೆ ಎಂದು ನಗಿಸಿದ್ದ. ಟರ್ನರ್ ಆ ಬೆಂಚನ್ನು ನೋಡದೆ ಅಲ್ಯೂಮಿನಿಯಂ ರಾಡನ್ನು ಎತ್ತಿಕೊಂಡು ಲೇತಿನ ಕಡೆ ಹೋದ.

ಲೇತು ಶುರುವಾದರೆ ಮಾತಾಡಬೇಕಾಗಿಲ್ಲ, ಅದೊಂದು ನೆಮ್ಮದಿ. ರಾಡನ್ನು ಕಚ್ಚಿಕೊಂಡ ಚಕ್ ತಿರುಗುತ್ತದೆ, ಟೂಲ್ ತಾಗುತ್ತದೆ, ಬಿಳಿ ಸುರುಳಿ ಬಿಚ್ಚಿಕೊಂಡು ಕಾಲಬಳಿ ಬೀಳುತ್ತದೆ. ಆದರೆ ಆ ಸದ್ದಿನ ಕೆಳಗೆ ಇನ್ನೊಂದು ಸದ್ದು ಅವನಿಗೆ ಕೇಳುತ್ತದೆ, ಇವತ್ತಿನಿಂದಲ್ಲ, ಹನ್ನೊಂದು ವರ್ಷದಿಂದ. ಟಿಕ್. ಫ್ಯಾನು ತಿರುಗುವಾಗ, ನಲ್ಲಿ ತೊಟ್ಟಿಕ್ಕುವಾಗ, ಮೆಟ್ಟಿಲು ಹತ್ತುವಾಗ ಸ್ವಂತ ಮಂಡಿಯಲ್ಲಿ. ಆವತ್ತು ಭಾವನ ಕಾರಿಗೆ ನಾಲ್ಕು ಬುಷ್ ಕೊರೆದದ್ದು ಇದೇ ಲೇತಿನಲ್ಲಿ, ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಬುಷ್ಷಿನ ತಪ್ಪಲ್ಲ. ಯಾವ ಕಾರೂ ಕಾಗದದ ಮೇಲೆ ಬರೆದ ಹಾಗೆ ಇರುವುದಿಲ್ಲ, ಎಲ್ಲೋ ಒಂದು ಪೆಟ್ಟು ತಿಂದಿರುತ್ತದೆ, ಎಲ್ಲೋ ಒಂದು ಎಳೆತ. ಮೂರು ಬೋಲ್ಟು ಬೆಣ್ಣೆಯ ಹಾಗೆ ಹೋದವು. ನಾಲ್ಕನೆಯದರ ತೂತು ಎರಡು ಎಂಎಂ ಆಚೆ. ರಬ್ಬರಿದ್ದಿದ್ದರೆ ಆ ಎರಡು ಎಂಎಂ ಅನ್ನು ಗುಳುಂ ಮಾಡಿ ತೆಪ್ಪಗಿರುತ್ತಿತ್ತು, ಯಾರಿಗೂ ತಿಳಿಯುತ್ತಲೂ ಇರಲಿಲ್ಲ. ಲೋಹ ನುಂಗುವುದಿಲ್ಲ. ಮಾಡಬೇಕಾದ್ದು ಅವನಿಗೆ ಗೊತ್ತಿತ್ತು: ನಾಲ್ಕನ್ನೂ ಸಡಿಲ ಬಿಟ್ಟು, ಚೌಕಟ್ಟನ್ನು ಅದರ ಪಾಡಿಗೆ ನಿಲ್ಲಲು ಬಿಟ್ಟು, ತೂತು ಎಷ್ಟು ಸರಿದಿದೆಯೆಂದು ಅಳೆದು, ನಾಲ್ಕನೆಯ ಬುಷ್ಷನ್ನು ಅಷ್ಟೇ ಪಕ್ಕಕ್ಕೆ ಕೇಂದ್ರ ತಪ್ಪಿಸಿ ಮತ್ತೆ ಕೊರೆಯುವುದು. ನಾಲ್ಕು ಗಂಟೆಗೆ ಕಾರನ್ನು ರೇಸಿನವರ ತಪಾಸಣೆಗೆ ತೋರಿಸಬೇಕಿತ್ತು. ಭಾವ ಆಗಲೇ ಎರಡು ಸಲ ಗಡಿಯಾರ ನೋಡಿದ್ದ. ಟರ್ನರ್ ಹಾರೆ ಎತ್ತಿಕೊಂಡು ಸಂದಿಗೆ ಕೊಟ್ಟು, ಹೆಗಲು ಒತ್ತಿ, ಚೌಕಟ್ಟನ್ನು ಬಲವಂತವಾಗಿ ಈಚೆಗೆ ಎಳೆದು ಬೋಲ್ಟು ಹತ್ತಿಸಿದ. ಕೊನೆಯ ಸುತ್ತು ತಿರುಗಿಸುವಾಗ ಕಬ್ಬಿಣ ಕೀರಲಿಟ್ಟಿತು. ಭಾವ ಕೆಳಗೆ ಮಲಗಿ ದೀಪ ಹಿಡಿದಿದ್ದ. "ಕೂತಿತಾ?" ಅಂದ. ಬುಷ್ಷು ತನ್ನಷ್ಟಕ್ಕೆ ತನ್ನ ಜಾಗದಲ್ಲಿ ಸೇರಿಕೊಂಡರೆ ಮಾತ್ರ ಆ ಮಾತು ಹೇಳಬೇಕು, ಎಳೆದು ತಂದಿದ್ದಕ್ಕೆ ಕೂತಿತು ಅನ್ನುವ ಹಾಗಿಲ್ಲ, ಇದು ಅವನಿಗೆ ಕೆಲಸ ಕಲಿಸಿದ ಮುದುಕ ಮೊದಲ ವಾರವೇ ತಲೆಗೆ ಮೊಟಕಿ ಹೇಳಿಕೊಟ್ಟದ್ದು. ಅವನು ಕೂತಿತು ಅಂದ.

ಅದು ಎರಡು ತಿಂಗಳು ಓಡಿತು. ಚೆನ್ನಾಗಿಯೇ ಓಡಿತು, ಎರಡು ಕಪ್ಪು ಗೆದ್ದಿತು, ಮನೆಗೆ ಬಂದವರಿಗೆಲ್ಲ ಭಾವ, ನಮ್ಮ ಬಾಮೈದ ಕೈಯಿಟ್ಟರೆ ಮತ್ತೆ ಮುಟ್ಟಿ ನೋಡುವ ಹಾಗಿಲ್ಲ ಎಂದು ಹೊಗಳುತ್ತಿದ್ದ. ಒಂದು ದಿನ ಬಂದು, "ಹಿಂದುಗಡೆ ಎಲ್ಲೋ ಟಿಕ್ ಅನ್ನುತ್ತೆ ಕಣೋ" ಅಂದ. ಸಾಲಿಡ್ ಮಾಡಿದ ಕಾರಿನಲ್ಲಿ ಯಾವ ಸದ್ದಿಲ್ಲ? ಗೇರಿನ ಗುರುಗುಟ್ಟು, ಚಕ್ರದ ಗೊಗ್ಗರು, ಕಲ್ಲು ಸಿಡಿದದ್ದು, ರಬ್ಬರು ಮುಚ್ಚಿಟ್ಟಿದ್ದದ್ದೆಲ್ಲ ನೇರ ಕಿವಿಗೆ ಬರುತ್ತದೆ. ಟರ್ನರ್ ಬಗ್ಗಿಯೂ ನೋಡಲಿಲ್ಲ. "ಸಾಲಿಡ್ ಅಂದ್ಮೇಲೆ ಸದ್ದು ಇದ್ದದ್ದೇ ಭಾವ" ಅಂದ. ನೀನು ಹೇಳಿದ ಮೇಲೆ ಮುಗೀತು ಎಂದು ಭಾವ ಹೋದ. ಒಂಬತ್ತು ದಿನದ ಮೇಲೆ ಬಲಕ್ಕೆ ತಿರುಗುವ ಒಂದು ಇಳಿಜಾರಿನಲ್ಲಿ ಕಾರು ರಸ್ತೆ ಬಿಟ್ಟಿತು. ನಕ್ಷೆ ಅಲ್ಲೇ ಹೋದ. ಭಾವನ ಎಡಗಾಲು ಎರಡು ಕಡೆ ಮುರಿಯಿತು. ಚಾಲಕನ ಅತಿವೇಗ ಎಂದು ಬರೆದುಕೊಂಡರು, ಭಾವ ಸಹಿ ಹಾಕಿದ. ಟರ್ನರ್ ಮೂರನೆಯ ದಿನ ಆ ಕಾರನ್ನು ಎಳೆದು ತಂದು ಹಾಕಿದ್ದ ಯಾರ್ಡಿಗೆ ಒಬ್ಬನೇ ಹೋಗಿ, ನೆಲಕ್ಕೆ ಕೆನ್ನೆ ತಾಗಿಸಿ ಮಲಗಿ ನೋಡಿದ. ನಾಲ್ಕನೆಯ ಬೋಲ್ಟಿನ ಸುತ್ತ ಬಾಡಿಯ ತಗಡು ಹರಿದಿತ್ತು. ಹರಿದದ್ದರಲ್ಲಿ ಅರ್ಧ ಹೊಳೆಯುತ್ತಿತ್ತು, ಆವತ್ತಿನದು. ಇನ್ನರ್ಧ ಕಂದು ಬಣ್ಣಕ್ಕೆ ತಿರುಗಿ ತುಕ್ಕು ಹಿಡಿದಿತ್ತು, ಹಳೆಯದು. ಎರಡು ತಿಂಗಳಿಂದ ಆ ಎಳೆತ ತಗಡನ್ನು ದಿನಕ್ಕೆ ಒಂದಿಷ್ಟು ಹರಿಯುತ್ತಿತ್ತು, ಹರಿದಾಗೆಲ್ಲ ಟಿಕ್ ಎಂದು ಹೇಳುತ್ತಲೂ ಇತ್ತು. ಅವನು ಎದ್ದು ಅಂಗಿಯ ಮಣ್ಣು ಕೊಡವಿಕೊಂಡು ಸೀದಾ ಆಸ್ಪತ್ರೆಗೆ ಹೋದ, ಹೇಳಿಬಿಡಬೇಕೆಂದೇ ಹೋದ. ಕಾಲಿಗೆ ತೂಕ ಕಟ್ಟಿ ಮಲಗಿಸಿದ್ದ ಭಾವ ಇವನನ್ನು ಕಂಡದ್ದೇ ತಡ ಕೈ ಹಿಡಿದುಕೊಂಡು, "ನಿನ್ನ ಕೆಲಸಾನೂ ಹಾಳು ಮಾಡಿಬಿಟ್ಟೆ ಕಣೋ, ನನ್ನನ್ನ ಕ್ಷಮಿಸು" ಅಂದ. ಅಕ್ಕ ಅಲ್ಲೇ ನಿಂತು ಅಳುತ್ತಿದ್ದಳು. ಟರ್ನರ್‌ನ ಬಾಯಿಗೆ ಬೀಗ ಬಿತ್ತು. ಆಮೇಲೆ ಪ್ರತಿದಿನವೂ ಹಿಂದಿನ ದಿನಕ್ಕಿಂತ ತಡವಾಗಿಹೋಗಿತ್ತು.

ಮಧ್ಯಾಹ್ನ ಮೂರರ ಹೊತ್ತಿಗೆ ನಾಲ್ಕು ಬುಷ್ ತಯಾರಾಗಿ ಬೆಂಚಿನ ಮೇಲೆ ಹೊಳೆಯುತ್ತಿದ್ದವು. ಅಕ್ಕನ ಮಗಳು ಅವಕ್ಕೆ ಗ್ರೀಸ್ ಸವರಿ ಚೌಕಟ್ಟಿನ ನಾಲ್ಕು ಮೂಲೆಗೂ ಒತ್ತಿ ಸೇರಿಸಿದಳು. ಬಾಡಿಯ ತಗಡಿಗೆ ಬಲ ಬರಲೆಂದು ಟರ್ನರ್ ತಾನಾಗಿಯೇ ನಾಲ್ಕೂ ಕಡೆ ದಪ್ಪ ಪಟ್ಟಿ ಬೆಸುಗೆ ಹಾಕಿದ. ಅವಳು, "ಇದನ್ನ ಅಪ್ಪನ ಕಾರಿಗೆ ಹಾಕಿರಲಿಲ್ವಲ್ಲ ಮಾವ" ಅಂದಳು, ಸುಮ್ಮನೆ ಅಂದಳು. ಅವನು ಕೇಳಿಸಿಕೊಳ್ಳದವನ ಹಾಗೆ ಮುಖದ ಗುರಾಣಿಯನ್ನು ಇಳಿಸಿಕೊಂಡ. ಅಷ್ಟರಲ್ಲಿ ಭಾವ ಬಂದ. ಎಡಗಾಲನ್ನು ಸ್ವಲ್ಪ ಹೊರಗೆ ಬೀಸಿ ನಡೆಯುವ ಆ ನಡಿಗೆ ಸಿಮೆಂಟಿನ ಮೇಲೆ ಬಾಗಿಲಿನಿಂದಲೇ ಗೊತ್ತಾಗುತ್ತದೆ. ಟರ್ನರ್‌ಗೆ ಯಾವಾಗಲೂ ಆ ನಡಿಗೆ ಕೇಳಿದರೆ ಎದ್ದು ನಿಲ್ಲಬೇಕೆನಿಸುತ್ತದೆ.

"ಏನಪ್ಪಾ, ನನ್ನ ಮಗಳು ನಿನ್ನ ತಲೆ ತಿಂದಳಾ?" ಭಾವ ಕಾರಿನ ಪಕ್ಕ ಕೂತು ಒಳಗೆ ಬಗ್ಗಿ ನೋಡಿದ. ಮೂಗಿನ ತುದಿಯಲ್ಲಿ ಬೆವರಿತ್ತು. ಹೆದರಿದ್ದಾನೆ, ಹೆದರಿಕೆಯನ್ನು ತಮಾಷೆಯಲ್ಲಿ ಮುಚ್ಚುತ್ತಿದ್ದಾನೆ ಎಂದು ಟರ್ನರ್‌ಗೆ ಗೊತ್ತಾಯಿತು. "ಇವಳಿಗೆ ಒಂದೇ ಶರತ್ತು ಹಾಕಿದೀನಿ. ತಿರುವಲ್ಲಿ ನಾನು ನಿಧಾನ ಅಂದ್ರೆ ನಿಧಾನ. ನನ್ನ ಹಾಗೆ ಕುರುಡಾಗಿ ನುಗ್ಗಿದ್ರೆ ಇಳಿದುಬಿಡ್ತೀನಿ. ಒಬ್ಬನನ್ನ ಕೊಂದಿದ್ದು ಸಾಕು."

"ಅಪ್ಪ, ಶುರು ಮಾಡಬೇಡಿ" ಅಂದಳು ಮಗಳು.

ಜಾಕ್ ಮೇಲೆ ಚೌಕಟ್ಟನ್ನು ಏರಿಸಿದರು. ಭಾವ ದೀಪ ಹಿಡಿದ. ಮೊದಲನೆಯ ಬೋಲ್ಟು ಹೋಯಿತು, ಅಡ್ಡ ಮೂಲೆಯ ಎರಡನೆಯದು ಹೋಯಿತು, ಮೂರನೆಯದು ಬೆರಳಲ್ಲೇ ತಿರುಗಿ ಹೋಯಿತು. ನಾಲ್ಕನೆಯದು ಒಂದು ಸುತ್ತು ಹತ್ತಿ ಓರೆಯಾಗಿ ನಿಂತಿತು. ಟರ್ನರ್ ಕತ್ತು ಚಾಚಿದ. ತೂತು ಅರ್ಧ ಚಂದ್ರದ ಹಾಗೆ ಕಾಣುತ್ತಿತ್ತು, ಸರಿದದ್ದು ಒಂದೂವರೆ ಎಂಎಂ ಇರಬಹುದು. ಎಲ್ಲ ಕಾರೂ ಹೀಗೇ ಎಂದು ಅವನಿಗೆ ಗೊತ್ತಿದ್ದದ್ದೇ, ಆದರೂ ಯಾರೋ ಬೇಕೆಂದೇ ತಂದು ತೋರಿಸುತ್ತಿದ್ದಾರೆ ಅನ್ನಿಸಿತು. ಅವನು ಹಾಗೆ ನಿಂತಿರುವಾಗಲೇ ಅಕ್ಕನ ಮಗಳು ಗೋಡೆಗೆ ಒರಗಿಸಿದ್ದ ಹಾರೆಯನ್ನು ತಂದು ಸಂದಿಗೆ ಕೊಟ್ಟಳು. ಎಡಗಾಲು ಹಿಂದಕ್ಕಿಟ್ಟಳು, ಬಲ ಹೆಗಲು ಹಾರೆಗೆ ಕೊಟ್ಟಳು, ಒಂದು ಕಣ್ಣು ಮುಚ್ಚಿದಳು, ಕೆಳತುಟಿ ಕಚ್ಚಿದಳು. ಒಂದು ಕಣ್ಣು ಮುಚ್ಚುವುದು, ತುಟಿ ಕಚ್ಚುವುದು, ಅದು ಅವನದು. ಹೆಂಡತಿ ಅದನ್ನು ಅಣಕಿಸಿ ತೋರಿಸಿ ನಗುತ್ತಾಳೆ. ಹನ್ನೊಂದು ವರ್ಷದ ಹಿಂದಿನ ತಾನೇ ಎದುರಿಗೆ ನಿಂತು, ಹಾರೆ ಒತ್ತಿ, ಬೋಲ್ಟು ಹತ್ತಿಸಲು ಹೊರಟಿದ್ದಾನೆ.

"ಹಾರೆ ತೆಗಿ" ಅಂದ ಟರ್ನರ್.

"ಯಾಕೆ? ಒಂದು ಎಳೆತಕ್ಕೆ ಬರುತ್ತೆ. ಅಪ್ಪನ ಕಾರಿಗೆ ನೀವು ಹೀಗೇ ತಾನೇ ಮಾಡಿದ್ದು? ನಾನು ಅಲ್ಲಿ ಟೈರಿನ ಮೇಲೆ ಕೂತು ನೋಡ್ತಿದ್ದೆ. ಎಷ್ಟು ಸಲ ಮನೇಲಿ ಮಂಚದ ಕಾಲಿಗೆ ಕೋಲು ಕೊಟ್ಟು ಇದನ್ನೇ ಆಡಿದೀನಿ ಗೊತ್ತಾ?"

ಭಾವ ನಕ್ಕ. "ನೋಡಿದ್ಯಾ, ಕೇಳದೇನೇ ಸಿಕ್ಕ ಶಿಷ್ಯೆ."

"ಅದು ತಪ್ಪು" ಅಂದ ಟರ್ನರ್. ದನಿ ತನ್ನದಲ್ಲ ಅನ್ನಿಸಿತು, ಆದರೆ ನಿಲ್ಲಲಿಲ್ಲ. ನಿಂತರೆ ಮತ್ತೆ ಹನ್ನೊಂದು ವರ್ಷ. "ಕೂತಿರಲಿಲ್ಲ ಭಾವ. ಎಳೆದು ಹತ್ತಿಸಿದೆ. ನೀವು ಕೇಳಿದ್ರಿ, ನಾನು ಕೂತಿತು ಅಂದೆ. ಟಿಕ್ ಅಂತಿದ್ದದ್ದು ಬಾಡಿ ಹರೀತಿದ್ದ ಸದ್ದು. ನಾನು ನೋಡಲೇ ಇಲ್ಲ. ಆಮೇಲೆ ಯಾರ್ಡಿಗೆ ಹೋಗಿ ನೋಡಿದೆ. ಹರಿದದ್ದರಲ್ಲಿ ಅರ್ಧ ಹಳೇದು, ತುಕ್ಕು ಹಿಡಿದಿತ್ತು. ನೀವು ಆ ತಿರುವಿಗೆ ಹೋಗೋಕೆ ಮುಂಚೆನೇ ಅರ್ಧ ಹೋಗಿತ್ತು. ನಿಮ್ಮ ವೇಗ ಅಲ್ಲ."

ಹೇಳಿದರೆ ಎದೆಯ ಮೇಲಿನ ಭಾರ ಇಳಿಯುತ್ತದೆ ಎಂದು ಅವನು ವರ್ಷಗಟ್ಟಲೆ ಅಂದುಕೊಂಡಿದ್ದ. ಏನೂ ಇಳಿಯಲಿಲ್ಲ. ಭಾವ ಹೊಡೆಯುತ್ತಾನೆ ಅಂದುಕೊಂಡ, ಹೊಡೆದರೆ ಒಳ್ಳೆಯದಿತ್ತು. ಭಾವ ದೀಪ ಹಿಡಿದುಕೊಂಡೇ ಕೂತಿದ್ದ, ದೀಪ ಅಲುಗಲೂ ಇಲ್ಲ.

"ಎಷ್ಟಿತ್ತು?" ಅಂದ ಭಾವ.

"ಎರಡು ಎಂಎಂ."

"ಸರಿಮಾಡೋಕೆ ಎಷ್ಟು ಹೊತ್ತು ಬೇಕಿತ್ತು?"

"ಎರಡು ಗಂಟೆ. ಹೆಚ್ಚಂದ್ರೆ ಎರಡೂವರೆ."

ಭಾವ ತಲೆಯಾಡಿಸಿದ. ಆಮೇಲೆ ಕಾರಿನ ಹೊಟ್ಟೆಗೆ ಹೇಳುವವನ ಹಾಗೆ ಮೆಲ್ಲಗೆ ಹೇಳಿದ. "ನಮ್ಮಮ್ಮ ಕೇಳ್ತಿದ್ದಳು, ಎಷ್ಟು ಸ್ಪೀಡಲ್ಲಿ ಹೋಗ್ತಿದ್ದೆ ಅಂತ. ಅರವತ್ತು ಅಂದೆ. ಅರವತ್ತಕ್ಕೆ ನನ್ನ ಮಗ ಸಾಯ್ತಾನೇನೋ ಅಂದಳು. ಇರಬಹುದು ಅಂತ ಎಂಬತ್ತು ಅಂದೆ. ಆಮೇಲೆ ನೂರು. ನೂರಿಪ್ಪತ್ತು ಅಂದ ದಿನ ಕೇಳೋದು ನಿಲ್ಲಿಸಿದಳು. ನನ್ನ ಹತ್ರ ಮಾತಾಡೋದನ್ನೂ ನಿಲ್ಲಿಸಿದಳು. ನನಗೇ ಅದು ನೂರಿಪ್ಪತ್ತೇ ಆಗಿಹೋಯ್ತು ಕಣೋ. ಕಣ್ಣು ಮುಚ್ಚಿದ್ರೆ ಮುಳ್ಳು ನೂರಿಪ್ಪತ್ತರ ಮೇಲೆ ಕಾಣುತ್ತೆ." ದೀಪವನ್ನು ಇನ್ನೊಂದು ಕೈಗೆ ಬದಲಿಸಿಕೊಂಡ. "ಅವಳು ಹೋಗಿ ಎಂಟು ತಿಂಗಳಾಯ್ತು. ಕೊನೇ ದಿನ ನಾನು ನೀರು ಹಿಡಿದ್ರೆ ಬಾಯಿ ಬಿಡಲಿಲ್ಲ. ನೀನು ಅಲ್ಲೇ ಇದ್ದೆ. ಲೋಟ ನನ್ನ ಕೈಯಿಂದ ತಗೊಂಡು ನೀನೇ ಕುಡಿಸಿದೆ."

ಹೌದು, ಕುಡಿಸಿದ್ದ. ಮುದುಕಿ ಎರಡು ಗುಟುಕು ಕುಡಿದು ಇವನ ಕೈ ಸವರಿದ್ದಳು. ಅಕ್ಕನ ಮಗಳು ಟರ್ನರ್‌ನ ಮುಖ ನೋಡುತ್ತಿರಲಿಲ್ಲ. ಹಾರೆಯನ್ನು ಸದ್ದಾಗದ ಹಾಗೆ ನೆಲಕ್ಕೆ ಮಲಗಿಸಿ, ಪಾನಾ ಎತ್ತಿಕೊಂಡು, ಒಳಗೆ ಹೋಗಿದ್ದ ಮೂರು ಬೋಲ್ಟುಗಳನ್ನೂ ಒಂದೊಂದಾಗಿ ಸಡಿಲಿಸತೊಡಗಿದಳು. ಮುಗಿದ ಮೇಲೆ, "ಈಗ ಏನು ಮಾಡಬೇಕು, ಹೇಳಿ" ಅಂದಳು. ಮಾವ ಅನ್ನಲಿಲ್ಲ. ಅವನು ಹೇಳಿದ: ಚೌಕಟ್ಟು ತನ್ನಷ್ಟಕ್ಕೆ ನಿಲ್ಲಲಿ, ಸರಿದದ್ದನ್ನು ಅಳೆಯೋಣ, ಒಂದು ಬುಷ್ ಮತ್ತೆ ಕೊರೆಯುತ್ತೇನೆ. ಅವಳು ಒಳಗೆ ನುಸುಳಿ ಅಳೆದು, ಒಂದೂವರೆ ಅಂದಳು.

ಅವನು ಉಳಿದಿದ್ದ ರಾಡನ್ನು ಚಕ್ಕಿಗೆ ಹಿಡಿಸಿ, ಒಂದೂವರೆ ಎಂಎಂ ಪಕ್ಕಕ್ಕೆ ಸರಿಸಿ ಕೊರೆಯಲು ನಿಂತ. ಭಾವ ಎದ್ದು, ಕಾಲು ಬೀಸಿಕೊಂಡು ಬಂದು ಲೇತಿನ ಆ ಬದಿಗೆ ನಿಂತ. ಸ್ಟೂಲು ಎಳೆದುಕೊಟ್ಟರೂ ಕೂರಲಿಲ್ಲ. ಮೂವತ್ತು ವರ್ಷದಲ್ಲಿ ಯಾರೂ ಅವನು ಕೆಲಸ ಮಾಡುವಾಗ ಹಾಗೆ ಎದುರಿಗೆ ನಿಂತು ಅವನ ಕೈಯನ್ನು ನೋಡಿರಲಿಲ್ಲ. ಎರಡು ಗಂಟೆ ಹಿಡಿಯಿತು. ಆ ಎರಡು ಗಂಟೆ ಅಷ್ಟು ಉದ್ದ, ಅಷ್ಟು ಸಾಧಾರಣ, ಅದರಲ್ಲಿ ಬರಿಯ ಸುರುಳಿ ಬೀಳುವುದು ಬಿಟ್ಟು ಏನೂ ಆಗಲಿಲ್ಲ. ಲೇತು ನಿಂತಾಗ ಭಾವ, "ಅಳೆದು ಹೇಳು" ಅಂದ. ಟರ್ನರ್ ಬುಷ್ಷನ್ನು ಒರೆಸಿ, ವರ್ನಿಯರ್ ಹಿಡಿದು, ಅಂಕಿ ಓದಿ ಹೇಳಿದ. ಭಾವ ವರ್ನಿಯರನ್ನೂ ಬುಷ್ಷನ್ನೂ ಅವನ ಕೈಯಿಂದ ತೆಗೆದುಕೊಂಡು, ಬೆಳಕಿರುವ ಬಾಗಿಲ ಹತ್ತಿರ ಹೋಗಿ, ಕನ್ನಡಕ ಹಾಕಿಕೊಂಡು, ತಾನೇ ಇನ್ನೊಂದು ಸಲ ಅಳೆದು ನೋಡಿದ.